ಐಸಿಯುನಲ್ಲಿರುವ ಮಕ್ಕಳಿಗೆ ಮೂತ್ರದ ಕ್ಯಾಥೆಟರ್‌ನಿಂದ ಬರುವ ಸೋಂಕು: ಸುರಕ್ಷಿತವಾಗಿ ತಡೆಯುವುದು ಹೇಗೆ?

ಪ್ರಶ್ನೆ – ಮಕ್ಕಳ ಐಸಿಯು ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿ. ಮೂತ್ರದ ಕ್ಯಾಥೆಟರ್‌ನಿಂದ, ಅಂದರೆ ಮೂತ್ರ ಹೊರತರಲು ಮೂತ್ರಕೋಶದೊಳಗೆ ಹಾಕುವ ಕೊಳವೆಯಿಂದ, ಬರುವ ಸೋಂಕನ್ನು ತಡೆಯಲು ನಮ್ಮ ಘಟಕಕ್ಕೊಂದು ಕಾರ್ಯವಿಧಾನವನ್ನು ಬರೆದು ಕೊಡುವ ಹೊಣೆ ನನಗೂ ಇಬ್ಬರು ಸಹೋದ್ಯೋಗಿಗಳಿಗೂ ಬಂದಿದೆ. ದೊಡ್ಡವರ ಐಸಿಯುಗಳಿಗಾಗಿ ಸಿದ್ಧಪಡಿಸಿದ ಸೂಚನೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವನ್ನು ಹಾಗೆಯೇ ಎತ್ತಿಕೊಂಡು, 3 ಕಿಲೋ ತೂಕದ ಹಸುಗೂಸಿಗೂ 14 ವರ್ಷದ ಹುಡುಗನಿಗೂ ಒಂದೇ ರೀತಿಯಲ್ಲಿ ಅನ್ವಯಿಸಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮಲ್ಲಿ ಹೆಚ್ಚಿನ ಮಕ್ಕಳು ವೆಂಟಿಲೇಟರ್ ಮೇಲಿರುತ್ತಾರೆ, ಮಂಪರಿನ ಔಷಧಿಯ ಪ್ರಭಾವದಲ್ಲಿರುತ್ತಾರೆ. ದಾಖಲಾದ ದಿನ ಹಾಕಿದ ಕ್ಯಾಥೆಟರ್ ವಾರ್ಡಿಗೆ ಕಳುಹಿಸುವ ದಿನದವರೆಗೂ ಉಳಿದುಬಿಡುವುದುಂಟು. ತೆಗೆಯೋಣವೇ ಎಂದು ಕೇಳಿದರೆ, ಮೂತ್ರದ ಪ್ರಮಾಣ ಗಂಟೆ ಗಂಟೆಗೂ ಬೇಕು, ನಾಳೆ ನೋಡೋಣ ಎಂಬ ಉತ್ತರ ಬರುತ್ತದೆ. ಹಾಗಾದರೆ ಯಾವ ಮಗುವಿಗೆ ಇದು ನಿಜವಾಗಿ ಬೇಕು, ಯಾವಾಗ ಧೈರ್ಯವಾಗಿ ತೆಗೆಯಬಹುದು? ತೆಗೆದ ಮೇಲೆ ಮೂತ್ರ ಕಟ್ಟಿಕೊಂಡರೆ ಏನು ಮಾಡಬೇಕು?

ಎರಡನೆಯದು ಶುಚಿತ್ವದ ವಿಷಯ. ಪ್ರತಿ ಶಿಫ್ಟಿನಲ್ಲೂ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಹಚ್ಚಿ ಒರೆಸಬೇಕೆಂದು ಹಿರಿಯರು ಕೆಲವರು ಹೇಳುತ್ತಾರೆ, ಸೋಪು ನೀರೇ ಸಾಕು ಎನ್ನುವವರೂ ಇದ್ದಾರೆ. ಡಯಾಪರ್ ಹಾಕಿದ ಮಗುವಿಗೆ ಭೇದಿಯಾದಾಗಲಂತೂ ಕ್ಯಾಥೆಟರ್ ಮಲದಲ್ಲೇ ಮುಳುಗಿರುತ್ತದೆ. ವಾರಕ್ಕೊಮ್ಮೆ ಕ್ಯಾಥೆಟರ್ ಬದಲಿಸುವುದರಿಂದ, ಅಥವಾ ಮುಂಜಾಗ್ರತೆಗೆಂದು ಆಂಟಿಬಯೋಟಿಕ್ ಕೊಡುವುದರಿಂದ ಪ್ರಯೋಜನವಿದೆಯೇ? ಇನ್ನೊಂದು ಸಂಗತಿ: ಜ್ವರ ಬಂದ ಕೂಡಲೇ ರಕ್ತದ ಜೊತೆಗೆ ಮೂತ್ರದ ಕಲ್ಚರನ್ನೂ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳುಹಿಸುವುದು ನಮ್ಮಲ್ಲಿ ರೂಢಿ. ಅದು ಸರಿಯೇ?

ಸೋಂಕು ತಪ್ಪಿಸುವ ಅವಸರದಲ್ಲಿ ಮಗುವಿಗೆ ಬೇರೊಂದು ಅಪಾಯ ತಂದಿಡಬಾರದು ಎಂಬುದೇ ನನ್ನ ಮುಖ್ಯ ಕಾಳಜಿ. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಮಕ್ಕಳ ತೀವ್ರ ನಿಗಾ ತಜ್ಞ

ಸಿಸ್ಟರ್, ತಮ್ಮ ಮೊದಲ ಪ್ರಶ್ನೆಯಲ್ಲೇ ಉಳಿದ ಪ್ರಶ್ನೆಗಳ ಬೇರೂ ಇದೆ. ಕ್ಯಾಥೆಟರ್ ಒಳಗಿರುವ ಪ್ರತಿಯೊಂದು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವ ಸಂಭವ ಶೇ 3ರಿಂದ 7ರಷ್ಟಿರುತ್ತದೆ ಎಂಬುದು ದೊಡ್ಡವರ ಅಧ್ಯಯನಗಳಿಂದ ತಿಳಿದುಬಂದ, ಹಲವು ಮಾರ್ಗಸೂಚಿಗಳು ಒಪ್ಪಿಕೊಂಡ ಅಂದಾಜು. ಕೊಳವೆಯ ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಬಯೋಫಿಲ್ಮ್ ಎಂಬ ಲೋಳೆಯ ಪದರವನ್ನು ಕಟ್ಟಿಕೊಳ್ಳುತ್ತವೆ. ಆ ಪದರದೊಳಗೆ ಆಂಟಿಬಯೋಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮಗುವಿನ ರೋಗನಿರೋಧಕ ಕಣಗಳೂ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದ ಎಷ್ಟೇ ಚೆನ್ನಾಗಿ ಹಾಕಿ, ಎಷ್ಟೇ ಚೆನ್ನಾಗಿ ತೊಳೆದರೂ, ದಿನಗಳು ಕಳೆದಂತೆ ಸೋಂಕು ಹತ್ತಿರವಾಗುತ್ತಲೇ ಹೋಗುತ್ತದೆ. ಅಗತ್ಯವಿಲ್ಲದಿದ್ದರೆ ಹಾಕದಿರುವುದು, ಅಗತ್ಯ ತೀರಿದ ದಿನವೇ ತೆಗೆಯುವುದು, ಇವೆರಡಕ್ಕೆ ಸರಿಸಾಟಿಯಾದ ಬೇರೆ ಉಪಾಯವಿಲ್ಲ.

ಹಾಗೆಂದು ಆಘಾತದ ಸ್ಥಿತಿಯಲ್ಲಿರುವ, ಅಂದರೆ ಶಾಕ್‌ನಲ್ಲಿರುವ, ಮಗುವಿನ ಕ್ಯಾಥೆಟರ್ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಅಂಥ ಮಗುವಿನಲ್ಲಿ ಮೂತ್ರದ ಪ್ರಮಾಣವೆಂದರೆ ಮೂತ್ರಪಿಂಡಕ್ಕೆ ರಕ್ತ ತಲುಪುತ್ತಿದೆಯೇ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ಗಂಟೆಗೆ ಕಿಲೋಗೆ 0.5 ಮಿಲಿಗಿಂತ ಕೆಳಗಿಳಿದರೆ, ಶಿಶುಗಳಲ್ಲಿ 1 ಮಿಲಿಗಿಂತ ಕೆಳಗಿಳಿದರೆ, ನಾವು ಎಚ್ಚರಗೊಳ್ಳಬೇಕು. ದ್ರವ ಕೊಡಬೇಕೋ, ರಕ್ತದೊತ್ತಡ ಏರಿಸುವ ಔಷಧಿಯ ಪ್ರಮಾಣ ಬದಲಿಸಬೇಕೋ ಎಂದು ಆ ಗಂಟೆಯಲ್ಲೇ ನಿರ್ಧರಿಸಬೇಕು. ನಾನು ಒಪ್ಪುವ ಕಾರಣಗಳು ಇವು: ಇನ್ನೂ ಸ್ಥಿರವಾಗದ ಶಾಕ್, ಮೂತ್ರ ಕಟ್ಟಿಕೊಂಡಿರುವುದು, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ನಡೆಯುತ್ತಿರುವುದು, ದೊಡ್ಡ ಸುಟ್ಟಗಾಯ, ಹೊಟ್ಟೆಯೊಳಗಿನ ಒತ್ತಡವನ್ನು ಮೂತ್ರಕೋಶದ ಮೂಲಕ ಅಳೆಯಬೇಕಾದ ಸಂದರ್ಭ, ಮೂತ್ರಾಂಗಗಳ ಶಸ್ತ್ರಚಿಕಿತ್ಸೆ, ಗುದದ ಸುತ್ತಲಿನ ಗಾಯಕ್ಕೆ ಮೂತ್ರ ತಾಗಬಾರದೆನ್ನುವ ಸ್ಥಿತಿ. ವೆಂಟಿಲೇಟರ್ ಇದೆ ಎಂಬುದಷ್ಟೇ ಕಾರಣವಾಗಲಾರದು. ಲೆಕ್ಕ ಬರೆಯಲು ಸುಲಭವೆಂಬುದು ಖಂಡಿತ ಕಾರಣವಲ್ಲ.

ತಾವು ಹೇಳಿದ ‘ನಾಳೆ ನೋಡೋಣ’ ಎಂಬ ಮಾತಿಗೆ ನನ್ನದೊಂದು ಸಲಹೆ ಇದೆ. ಬೆಳಗಿನ ರೌಂಡ್ಸ್‌ನಲ್ಲಿ ‘ಕ್ಯಾಥೆಟರ್ ತೆಗೆಯಬಹುದೇ’ ಎಂದು ಕೇಳಬೇಡಿ. ‘ಈ ಹೊತ್ತಿನ ಮೂತ್ರದ ಪ್ರಮಾಣವನ್ನು ನೋಡಿ ಇಂದು ನಾವು ಯಾವ ನಿರ್ಧಾರವನ್ನು ಬದಲಿಸುತ್ತೇವೆ’ ಎಂದು ಕೇಳಿ. ಯಾವ ನಿರ್ಧಾರವೂ ಬದಲಾಗದಿದ್ದರೆ ಗಂಟೆ ಗಂಟೆಯ ಅಳತೆಯಿಂದ ಮಗುವಿಗೆ ಲಾಭವಿಲ್ಲ. 4 ಅಥವಾ 6 ಗಂಟೆಗೊಮ್ಮೆ ಡಯಾಪರ್ ತೂಗಿದರೆ ಸಾಕು. ಒಣ ಡಯಾಪರ್‌ನ ತೂಕವನ್ನು ಕಳೆದು, 1 ಗ್ರಾಂ ಹೆಚ್ಚಳವನ್ನು 1 ಮಿಲಿ ಎಂದು ಹಿಡಿಯಬಹುದು. ಮಲ ಬೆರೆತಾಗ, ಅಥವಾ ಮಗು ಬೆಚ್ಚಗಿಡುವ ವಾರ್ಮರ್ ಕೆಳಗಿದ್ದು ತೇವ ಆರಿಹೋದಾಗ ಲೆಕ್ಕ ತಪ್ಪುತ್ತದೆ, ನಿಜ. ಆದರೆ ಚೇತರಿಕೆಯ ಹಾದಿಯಲ್ಲಿರುವ ಮಗುವಿಗೆ ಆ ವ್ಯತ್ಯಾಸದಿಂದ ಹಾನಿಯಾಗುವುದು ಅಪರೂಪ. ದೊಡ್ಡ ಹುಡುಗರಿಗೆ ಕಾಂಡೋಮ್ ಮಾದರಿಯ ಹೊರಗಿನ ಕ್ಯಾಥೆಟರ್ ಹೊಂದುತ್ತದೆ.

ತೆಗೆದ ಮೇಲಿನ ಯೋಜನೆಯನ್ನು ತೆಗೆಯುವ ಮೊದಲೇ ಬರೆದಿಡಿ. ಮಾರ್ಫಿನ್, ಫೆಂಟನಿಲ್‌ನಂತಹ ಔಷಧಿಗಳು ಮೂತ್ರಕೋಶ ಖಾಲಿಯಾಗುವುದನ್ನು ತಡೆಯುತ್ತವೆ, ಮಲಬದ್ಧತೆಯೂ ಅದಕ್ಕೆ ಜೊತೆಯಾಗುತ್ತದೆ. 6 ಗಂಟೆಯಲ್ಲಿ ಮಗು ಮೂತ್ರ ಮಾಡದಿದ್ದರೆ, ಅಥವಾ ಅದಕ್ಕೂ ಮುಂಚೆಯೇ ಕಿರಿಕಿರಿ, ಹೃದಯ ಬಡಿತದ ಏರಿಕೆ, ಕಿಬ್ಬೊಟ್ಟೆಯ ಉಬ್ಬು ಕಂಡರೆ, ಬ್ಲಾಡರ್ ಸ್ಕ್ಯಾನ್, ಅಂದರೆ ಮೂತ್ರಕೋಶದ ಸ್ಕ್ಯಾನ್, ಮಾಡಿ. ವರ್ಷದ ಲೆಕ್ಕದಲ್ಲಿ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶದ ಸಾಮರ್ಥ್ಯ ಮಿಲಿಯಲ್ಲಿ ಸುಮಾರಾಗಿ ಸಿಗುತ್ತದೆ. 4 ವರ್ಷದ ಮಗುವಿಗೆ ಅದು 180 ಮಿಲಿ. ವರ್ಷದೊಳಗಿನ ಶಿಶುಗಳಿಗೆ ಕಿಲೋಗೆ 7 ಮಿಲಿಯಂತೆ ಅಂದಾಜಿಸುವುದು ಹೆಚ್ಚು ಸರಿ. ಕೋಶ ತುಂಬಿದ್ದೂ ಮಗುವಿಗೆ ಮೂತ್ರ ಹೋಗದಿದ್ದರೆ, ಒಮ್ಮೆ ತೆಳುವಾದ ಕ್ಯಾಥೆಟರ್ ಹಾಕಿ ಖಾಲಿ ಮಾಡಿ ತೆಗೆದುಬಿಡುವುದು ಮೊದಲ ಹೆಜ್ಜೆ. ಮತ್ತೆ ಒಳಗೇ ಉಳಿಸುವ ಕ್ಯಾಥೆಟರ್ ಹಾಕುವ ಯೋಚನೆ ಅದಾದ ಮೇಲೆ. ಸ್ಕ್ಯಾನ್‌ನಲ್ಲಿ ಕೋಶ ಖಾಲಿ ಇದ್ದರೆ ಅದು ಬೇರೆಯದೇ ಸುದ್ದಿ: ಮೂತ್ರ ಕಟ್ಟಿಕೊಂಡಿಲ್ಲ, ತಯಾರಾಗುತ್ತಿಲ್ಲ. ಆಗ ವೈದ್ಯರನ್ನು ತಕ್ಷಣ ಕರೆಯಬೇಕು.

ಉತ್ತರ 2 – ಸೋಂಕು ನಿಯಂತ್ರಣ ಶುಶ್ರೂಷಕಿ

ಡಾಕ್ಟರ್ ಹೇಳಿದ್ದನ್ನು ಸಂಪೂರ್ಣ ಒಪ್ಪುತ್ತೇನೆ. ಆದರೂ ಕ್ಯಾಥೆಟರ್ ಇರಲೇಬೇಕಾದ ಮಕ್ಕಳು ಯಾವಾಗಲೂ ಇರುತ್ತಾರೆ, ಅವರ ಹಾಸಿಗೆಯ ಪಕ್ಕದಲ್ಲಿ ಏನು ನಡೆಯಬೇಕೆಂಬುದು ನಮ್ಮ ಕೈಯಲ್ಲಿದೆ.

ಹಾಕುವಾಗ ಇಬ್ಬರು ಇರಲೇಬೇಕು. ಮಂಪರಿನಲ್ಲಿರುವ ಮಗು ಕೂಡ ಕಾಲು ಮಡಚಿಕೊಳ್ಳುತ್ತದೆ, ಒಬ್ಬರೇ ಇದ್ದರೆ ಆ ಕಾಲನ್ನು ಹಿಡಿಯಲು ಹೋದ ಕೈ ಅಲ್ಲೇ ಅಶುದ್ಧವಾಗುತ್ತದೆ. ಎರಡನೆಯವರು ಹಿಡಿದುಕೊಳ್ಳುವುದಷ್ಟೇ ಅಲ್ಲ, ಪ್ರತಿ ಹಂತವನ್ನೂ ಗಮನಿಸುತ್ತಿರಬೇಕು. ಕ್ಯಾಥೆಟರ್ ತೊಡೆಗೆ ತಾಗಿದರೆ ‘ನಿಲ್ಲಿಸಿ, ಹೊಸದು ತೆಗೆದುಕೊಳ್ಳಿ’ ಎಂದು ಹೇಳುವ ಅಧಿಕಾರ, ಹಾಕುತ್ತಿರುವವರು ಎಷ್ಟೇ ಹಿರಿಯರಾಗಿದ್ದರೂ, ಈ ಎರಡನೆಯವರಿಗಿರಬೇಕು. ಹೆಣ್ಣುಮಗುವಿನಲ್ಲಿ ಕ್ಯಾಥೆಟರ್ ತಪ್ಪಿ ಯೋನಿಯೊಳಗೆ ಹೋದರೆ ಅದನ್ನು ಎಳೆದು ಮತ್ತೆ ಮೂತ್ರದ್ವಾರಕ್ಕೆ ಹಾಕುವಂತಿಲ್ಲ. ಅದನ್ನು ಗುರುತಿಗಾಗಿ ಅಲ್ಲೇ ಬಿಟ್ಟು ಹೊಸದೊಂದನ್ನು ಬಳಸಿ, ಕೆಲಸ ಮುಗಿದ ಮೇಲೆ ಮೊದಲಿನದನ್ನು ತೆಗೆಯಬೇಕು.

ಗಾತ್ರದ ಆಯ್ಕೆಯಲ್ಲಿ ಸರಾಗವಾಗಿ ಮೂತ್ರ ಹರಿಸುವ ಅತಿ ಸಣ್ಣ ಗಾತ್ರವೇ ಸರಿ. 1 ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಹೊರವ್ಯಾಸ. ಸ್ಥೂಲವಾಗಿ ಶಿಶುಗಳಿಗೆ 6, ನಡೆದಾಡುವ ವಯಸ್ಸಿನವರಿಗೆ 6ರಿಂದ 8, ಶಾಲೆಗೆ ಹೋಗುವವರಿಗೆ 8ರಿಂದ 10, ಹದಿಹರೆಯದವರಿಗೆ 10ರಿಂದ 14 ಫ್ರೆಂಚ್ ಎಂದು ಬರೆದಿಟ್ಟುಕೊಳ್ಳಬಹುದು. ಆದರೆ ನಿರ್ಣಯ ಮಗುವನ್ನು ನೋಡಿಯೇ ಆಗಬೇಕು. ದಪ್ಪನೆಯದು ಮೂತ್ರನಾಳದ ಒಳಪದರವನ್ನು ಒತ್ತಿ ಗಾಯ ಮಾಡುತ್ತದೆ, ಗಾಯವಾದಲ್ಲಿ ಸೋಂಕು ಬರುತ್ತದೆ, ಗಂಡುಮಕ್ಕಳಲ್ಲಿ ಮುಂದೆ ನಾಳ ಕಿರಿದಾಗುವ ತೊಂದರೆಯೂ ಕಾಡಬಹುದು. ಸ್ಪೈನಾ ಬೈಫಿಡಾ (ಹುಟ್ಟಿನಿಂದ ಬರುವ ಬೆನ್ನುಹುರಿಯ ದೋಷ) ಇರುವ ಮಕ್ಕಳಿಗೆ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಿಗೆ ಲೇಟೆಕ್ಸ್ ಅಲರ್ಜಿ ಬರುವ ಸಂಭವ ಹೆಚ್ಚು. ಅವರಿಗೆ ಕ್ಯಾಥೆಟರ್ ಮಾತ್ರವಲ್ಲ, ಕೈಗವಸೂ ಲೇಟೆಕ್ಸ್ ಇಲ್ಲದ್ದೇ ಆಗಬೇಕು. ಕ್ಯಾಥೆಟರ್ ಜಾರದಂತೆ ಮೂತ್ರಕೋಶದೊಳಗೆ ಹಿಡಿದಿಡುವ ಬಲೂನಿಗೆ ಸ್ಟೆರೈಲ್ ನೀರನ್ನೇ ತುಂಬಿ, ಸಲೈನ್ ಬೇಡ. ಉಪ್ಪು ಹರಳುಗಟ್ಟಿ ಆಮೇಲೆ ಬಲೂನು ಇಳಿಯದೆ ಹೋಗಬಹುದು. ಎಷ್ಟು ಮಿಲಿ ಎಂಬುದನ್ನು ಆ ಕ್ಯಾಥೆಟರ್ ಮೇಲೆಯೇ ಮುದ್ರಿಸಿರುತ್ತಾರೆ. ಸಣ್ಣ ಗಾತ್ರದವುಗಳಲ್ಲಿ ಅದು 1.5ರಿಂದ 3 ಮಿಲಿ ಮಾತ್ರ, ಅಭ್ಯಾಸಬಲದಿಂದ 5 ಮಿಲಿ ತುಂಬಿಬಿಡುವ ಕೈಗಳನ್ನು ತಡೆಯಬೇಕು.

ಇನ್ನು ಮುಚ್ಚಿದ ವ್ಯವಸ್ಥೆ. ಹಿಂದೆ ಕ್ಯಾಥೆಟರ್‌ನ ತುದಿಯನ್ನು ತೆರೆದ ಪಾತ್ರೆಗೆ ಬಿಡುತ್ತಿದ್ದರು, ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲ ರೋಗಿಗಳ ಮೂತ್ರದಲ್ಲೂ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತಿತ್ತು. ಕೊಳವೆ ಮತ್ತು ಚೀಲವನ್ನು ಮುಚ್ಚಿದ ಒಂದೇ ವ್ಯವಸ್ಥೆಯಾಗಿ ಇರಿಸಿದರೆ ಸೋಂಕು ಎಷ್ಟು ಹಿಂದೆ ಸರಿಯುತ್ತದೆಂದು ಕುನಿನ್ ಮತ್ತು ಮೆಕಾರ್ಮ್ಯಾಕ್ 1966ರಲ್ಲಿ ತೋರಿಸಿಕೊಟ್ಟರು. ಇಷ್ಟು ವರ್ಷಗಳ ಮೇಲೂ ಆ ಪಾಠ ಹಳತಾಗಿಲ್ಲ. ಸ್ಯಾಂಪಲ್ ತೆಗೆಯಲೆಂದೋ, ಅಡ್ಡಿ ಬಿಡಿಸಲೆಂದೋ ಕೊಳವೆಯ ಜೋಡಣೆಯನ್ನು ಕಳಚಿದ ಕ್ಷಣದಲ್ಲಿ ಆ ವ್ಯವಸ್ಥೆ ಮುರಿಯುತ್ತದೆ. ಹಾಗೆ ಕಳಚಿಕೊಂಡರೆ, ಅಥವಾ ಸೋರಿದರೆ, ಕ್ಯಾಥೆಟರ್ ಮತ್ತು ಚೀಲ ಎರಡನ್ನೂ ಶುದ್ಧ ವಿಧಾನದಲ್ಲಿ ಬದಲಿಸಬೇಕು. ಬದಲಿಸುವ ಮುನ್ನ ಇನ್ನೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳಿ.

ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲ ಮುಟ್ಟಬಾರದು. ಮಕ್ಕಳ ತೊಟ್ಟಿಲು ಮತ್ತು ವಾರ್ಮರ್‌ಗಳಲ್ಲಿ ಇದು ಕಾಣುವಷ್ಟು ಸುಲಭವಲ್ಲ, ಏಕೆಂದರೆ ಹಾಸಿಗೆಯನ್ನು ತಗ್ಗಿಸಿದಾಗ ಚೀಲ ನೆಲಕ್ಕೆ ತಾಗುತ್ತದೆ, ಪಕ್ಕದ ಕಂಬಿ ಎತ್ತಿದಾಗ ಕಂಬಿಗೆ ನೇತುಹಾಕಿದ ಚೀಲವೂ ಅದರ ಜೊತೆ ಮೇಲೇರುತ್ತದೆ. ಆದ್ದರಿಂದ ಚಲಿಸದ ಚೌಕಟ್ಟಿಗೇ ಅದನ್ನು ತೂಗುಹಾಕಬೇಕು. ಸಣ್ಣ ಮಕ್ಕಳಲ್ಲಿ ಮೂತ್ರ ಬರುವುದೇ ಕಡಿಮೆ, ಅದು ಕೊಳವೆಯ ಜೋಲುಬಿದ್ದ ಭಾಗದಲ್ಲೇ ನಿಂತು ಚೀಲ ತಲುಪದಿರಬಹುದು. ‘ಮೂತ್ರ ಕಡಿಮೆಯಾಗಿದೆ’ ಎಂದು ಬರೆಯುವ ಮುನ್ನ ಕೊಳವೆಯನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಿ. ಸ್ಕ್ಯಾನಿಂಗಿಗೆ ಕರೆದೊಯ್ಯುವ ಮುಂಚೆ ಚೀಲವನ್ನು ಖಾಲಿ ಮಾಡಿ, ಮಗುವಿನ ಹೊಟ್ಟೆಯ ಮೇಲೆ ಇಟ್ಟು ಸಾಗಿಸಬೇಡಿ. ಖಾಲಿ ಮಾಡುವ ಪಾತ್ರೆ ಒಂದೊಂದು ಮಗುವಿಗೆ ಪ್ರತ್ಯೇಕವಾಗಿರಲಿ, ಚೀಲದ ನಳಿಕೆ ಅದಕ್ಕೆ ತಾಗದಿರಲಿ. ಪ್ರತಿ ಮಗುವಿಗೂ ಹೊಸ ಕೈಗವಸು, ಮೊದಲೂ ಆಮೇಲೂ ಕೈಶುದ್ಧಿ.

ಪೊವಿಡೋನ್ ಅಯೋಡಿನ್ ವಿಷಯಕ್ಕೆ ಬರುತ್ತೇನೆ. ಕ್ಯಾಥೆಟರ್ ಒಳಗಿರುವಾಗ ದಿನವೂ ಮೂತ್ರದ್ವಾರಕ್ಕೆ ಆಂಟಿಸೆಪ್ಟಿಕ್ ಹಚ್ಚುವುದು ಬೇಡವೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ದಿನದ ಸ್ನಾನದ ಹೊತ್ತಿನಲ್ಲಿ, ಮತ್ತು ಮಲ ತಾಗಿದಾಗಲೆಲ್ಲ, ಸೌಮ್ಯವಾದ ಸೋಪು ಮತ್ತು ನೀರಿನಿಂದ ಮುಂದಿನಿಂದ ಹಿಂದಕ್ಕೆ ಒರೆಸಿದರೆ ಸಾಕು. ನವಜಾತ ಶಿಶುಗಳಲ್ಲಿ ಅಯೋಡಿನ್ ಚರ್ಮದ ಮೂಲಕ ರಕ್ತ ಸೇರಿ ಥೈರಾಯ್ಡ್ ಕೆಲಸವನ್ನು ಕುಗ್ಗಿಸಬಹುದು, ಆದ್ದರಿಂದ ಪ್ರತಿ ಶಿಫ್ಟಿಗೊಮ್ಮೆ ಹಚ್ಚುವ ರೂಢಿಯನ್ನು ನಿಲ್ಲಿಸುವುದರಲ್ಲಿ ಸುರಕ್ಷತೆಯೂ ಇದೆ. ಹಾಕುವ ಮುನ್ನ ಮೂತ್ರದ್ವಾರವನ್ನು ಸ್ವಚ್ಛಗೊಳಿಸುವುದು ಮಾತ್ರ ಬೇರೆ ವಿಷಯ. ಆಸ್ಟ್ರೇಲಿಯಾದ ಮೂರು ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಲೈನ್‌ಗೆ ಹೋಲಿಸಿದರೆ ಶೇ 0.1ರ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಬಳಸಿದಾಗ ಸೋಂಕು ಗಣನೀಯವಾಗಿ ಇಳಿಯಿತು. ಮಕ್ಕಳ ಘಟಕಗಳೂ ಅದನ್ನು ಅಳವಡಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಭೇದಿಯಾಗುತ್ತಿರುವ ಮಗುವಿಗೆ ನಾವು ಮಾಡುವುದು ಹೀಗೆ: ಕ್ಯಾಥೆಟರನ್ನು ಡಯಾಪರ್‌ನ ಕಾಲಿನ ಕಡೆಯಿಂದ ಹೊರತರದೆ, ಮೇಲಂಚಿನಿಂದ, ಅಂದರೆ ಹೊಟ್ಟೆಯ ಕಡೆಯಿಂದ ಹೊರತಂದು, ಎಳೆತ ಬೀಳದಂತೆ ಅಲ್ಲಿಯೇ ಚರ್ಮಕ್ಕೆ ಭದ್ರಪಡಿಸಿ, ಅಲ್ಲಿಂದ ಕೊಳವೆಯನ್ನು ಪಕ್ಕಕ್ಕೆ ಇಳಿಬಿಡುತ್ತೇವೆ. 2 ಗಂಟೆಗೊಮ್ಮೆ ಡಯಾಪರ್ ತೆರೆದು ನೋಡುತ್ತೇವೆ. ಮಲ ಅಂಟಿದ್ದರೆ ಮೊದಲು ಚರ್ಮವನ್ನು ಒರೆಸಿ, ಆಮೇಲೆ ಕೈಗವಸು ಬದಲಿಸಿ, ಕ್ಯಾಥೆಟರನ್ನು ಮೂತ್ರದ್ವಾರದಿಂದ ಹೊರಮುಖವಾಗಿ ಒರೆಸುತ್ತೇವೆ. ಅಂಟುಪಟ್ಟಿಯ ಕೆಳಗಿನ ಚರ್ಮವನ್ನು ಪ್ರತಿ ಶಿಫ್ಟಿನಲ್ಲೂ ನೋಡಬೇಕು, ಊದಿಕೊಂಡ ಮಕ್ಕಳಲ್ಲಿ ಅದು ಬೇಗ ಸುಲಿಯುತ್ತದೆ.

ವಾರಕ್ಕೊಮ್ಮೆ ಬದಲಿಸುವುದು, ಮುಂಜಾಗ್ರತೆಯ ಆಂಟಿಬಯೋಟಿಕ್, ಮೂತ್ರಕೋಶವನ್ನು ಔಷಧಿ ಹಾಕಿ ತೊಳೆಯುವುದು, ಚೀಲಕ್ಕೆ ಆಂಟಿಸೆಪ್ಟಿಕ್ ಸುರಿಯುವುದು, ಇವು ಯಾವುವನ್ನೂ ರೂಢಿಯಾಗಿ ಮಾಡುವಂತಿಲ್ಲ.

ಉತ್ತರ 3 – ಸೂಕ್ಷ್ಮಜೀವಿ ತಜ್ಞೆ

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಕ್ಲೋರ್‌ಹೆಕ್ಸಿಡಿನ್ ಕುರಿತ ಆ ಅಧ್ಯಯನ ಮುಖ್ಯವಾಗಿ ದೊಡ್ಡ ರೋಗಿಗಳದ್ದು, ಅದರಲ್ಲಿ ಬಳಸಿದ್ದು ಬಹಳ ತೆಳುವಾದ ನೀರಿನ ದ್ರಾವಣ. ಐಸಿಯುಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಚರ್ಮಕ್ಕೆ ಬಳಸುವ ಶೇ 2ರ, ಆಲ್ಕೋಹಾಲ್ ಬೆರೆತ ದ್ರಾವಣ. ಅದನ್ನು ಜನನಾಂಗದ ತೆಳುಪೊರೆಗೆ ಹಚ್ಚುವಂತಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ಚರ್ಮವನ್ನು ಅದು ಸುಟ್ಟ ಉದಾಹರಣೆಗಳಿವೆ. ಕಾರ್ಯವಿಧಾನದಲ್ಲಿ ಬರಿದೇ ‘ಕ್ಲೋರ್‌ಹೆಕ್ಸಿಡಿನ್’ ಎಂದು ಬರೆಯದೆ, ಶೇಕಡಾ ಪ್ರಮಾಣವನ್ನೂ ‘ಆಲ್ಕೋಹಾಲ್ ರಹಿತ’ ಎಂಬುದನ್ನೂ, ಯಾವ ವಯಸ್ಸಿನ ಮೇಲ್ಪಟ್ಟವರಿಗೆ ಎಂಬುದನ್ನೂ ನಮೂದಿಸಿ. ನವಜಾತ ಶಿಶುಗಳಿಗೆ ಸ್ಟೆರೈಲ್ ನೀರು ಅಥವಾ ಸಲೈನ್ ಸಾಕೆಂಬುದು ನನ್ನ ನಿಲುವು.

ಕಲ್ಚರ್ ಬಗ್ಗೆ ಕೇಳಿದ್ದೀರಿ. ಕ್ಯಾಥೆಟರ್ ಕೆಲವು ದಿನ ಒಳಗಿದ್ದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ ಸಂಗತಿ, ಅದರಿಂದಲೇ ಮಗುವಿಗೆ ಜ್ವರ ಬಂದಿದೆ ಎಂದು ಅರ್ಥವಲ್ಲ. ಜ್ವರ ಬಂದಾಗಲೆಲ್ಲ ಯೋಚಿಸದೆ ಮೂತ್ರ ಕಳುಹಿಸಿದರೆ ಫಲಿತಾಂಶ ಬಂದೇ ಬರುತ್ತದೆ, ಅದರ ಹಿಂದೆಯೇ ಬೇಡದ ಆಂಟಿಬಯೋಟಿಕ್ ಬರುತ್ತದೆ. ಶ್ವಾಸಕೋಶದಲ್ಲೋ ಸೆಂಟ್ರಲ್ ಲೈನ್‌ನಲ್ಲೋ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇರುವ ನಿಜವಾದ ಸೋಂಕು ಪತ್ತೆಯಾಗದೆ ಉಳಿಯಬಹುದು. ಮೂತ್ರ ಕದಡಿದೆ, ವಾಸನೆ ಬರುತ್ತಿದೆ ಎಂಬುದಂತೂ ಕಲ್ಚರ್ ಕಳುಹಿಸಲು ಕಾರಣವಲ್ಲ. ಮಗುವನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, ಬೇರೆ ಮೂಲಗಳನ್ನು ಹುಡುಕಿ, ಮೂತ್ರವೂ ಸಂಶಯಾಸ್ಪದವೆನಿಸಿದರೆ ಕಳುಹಿಸಿ.

ಆದರೆ ಈ ಸಂಯಮಕ್ಕೆ ಮಿತಿಯಿದೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ ಎಂದು ವಿನಂತಿಸುತ್ತೇನೆ. ಸಣ್ಣ ಶಿಶು ‘ನೋವು’ ಎಂದು ಹೇಳಲಾರದು. 1 ವರ್ಷದೊಳಗಿನವರಲ್ಲಿ ಮೂತ್ರದ ಸೋಂಕು 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರವಾಗಿ ಬರಬಹುದು, 36 ಡಿಗ್ರಿಗಿಂತ ಕೆಳಗಿಳಿದ ದೇಹದ ಉಷ್ಣತೆಯಾಗಿಯೂ ಬರಬಹುದು, ಉಸಿರು ನಿಲ್ಲುವುದು, ಹೃದಯ ಬಡಿತ ನಿಧಾನವಾಗುವುದು, ವಾಂತಿ, ಮಂಕುತನ ಮಾತ್ರವೇ ಕಾಣಿಸಬಹುದು. ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ, ಮೂತ್ರಾಂಗಗಳ ರಚನೆಯಲ್ಲೇ ದೋಷವಿರುವವರಲ್ಲಿ, ಸೆಪ್ಸಿಸ್‌ನ, ಅಂದರೆ ಸೋಂಕಿನಿಂದ ಅಂಗಾಂಗಗಳಿಗೆ ಹಾನಿಯಾಗುವ ಸ್ಥಿತಿಯ, ಶಂಕೆ ಇರುವಲ್ಲಿ ಮೂತ್ರದ ಕಲ್ಚರ್ ಕಳುಹಿಸಲು ಹಿಂಜರಿಯಬಾರದು. ಸರ್ವೈವಿಂಗ್ ಸೆಪ್ಸಿಸ್ ಅಭಿಯಾನದ 2020ರ ಮಕ್ಕಳ ಮಾರ್ಗಸೂಚಿಯಂತೆ, ಶಾಕ್ ಇದ್ದರೆ 1 ಗಂಟೆಯೊಳಗೆ, ಶಾಕ್ ಇಲ್ಲದೆ ಸೆಪ್ಸಿಸ್‌ನಿಂದ ಅಂಗಾಂಗಗಳ ಕೆಲಸ ಕುಂದಿದ್ದರೆ 3 ಗಂಟೆಯೊಳಗೆ ಆಂಟಿಬಯೋಟಿಕ್ ಆರಂಭವಾಗಬೇಕು. ಸ್ಯಾಂಪಲ್ ಸಿಗಲಿಲ್ಲವೆಂದು ಅದನ್ನು ತಡಮಾಡುವಂತಿಲ್ಲ.

ಸ್ಯಾಂಪಲನ್ನು ಚೀಲದಿಂದ ತೆಗೆಯಬೇಡಿ. ಕೊಳವೆಯಲ್ಲಿರುವ ಸ್ಯಾಂಪಲ್ ಪೋರ್ಟಿನ ಕೆಳಭಾಗದಲ್ಲಿ ಸ್ವಲ್ಪ ಹೊತ್ತು ಕ್ಲ್ಯಾಂಪ್ ಹಾಕಿ, ಪೋರ್ಟನ್ನು ಉಜ್ಜಿ ಒರೆಸಿ ಒಣಗಲು ಬಿಟ್ಟು, ಸ್ಟೆರೈಲ್ ಸಿರಿಂಜಿನಿಂದ ಹೊಸ ಮೂತ್ರವನ್ನು ಎಳೆದುಕೊಳ್ಳಿ. ಆಮೇಲೆ ಕ್ಲ್ಯಾಂಪ್ ತೆಗೆದಿರುವುದನ್ನು ಖಚಿತಪಡಿಸಿಕೊಳ್ಳಿ. ಮರೆತ ಕ್ಲ್ಯಾಂಪ್‌ನಿಂದ ಮೂತ್ರ ಹಿಂದಕ್ಕೆ ಒತ್ತುತ್ತದೆ. ಕ್ಯಾಥೆಟರ್ 2 ವಾರ ಮೀರಿದ್ದು ಸೋಂಕಿನ ಶಂಕೆ ಇದ್ದರೆ, ಹಳೆಯದನ್ನು ತೆಗೆದು, ಇನ್ನೂ ಅಗತ್ಯವಿದ್ದರೆ ಹೊಸದು ಹಾಕಿ ಅದರಿಂದಲೇ ಸ್ಯಾಂಪಲ್ ತೆಗೆಯುವುದು ಸರಿ. ಹಳೆಯ ಕೊಳವೆಯಿಂದ ಬಂದ ಮೂತ್ರ ಬಯೋಫಿಲ್ಮ್‌ನಲ್ಲಿರುವ ಜೀವಿಗಳನ್ನು ತೋರಿಸುತ್ತದೆಯೇ ಹೊರತು ಮೂತ್ರಕೋಶದ ಸ್ಥಿತಿಯನ್ನಲ್ಲ.

ಲೆಕ್ಕ ಇಡುವವರಿಗೂ ಒಂದು ಮಾತು. ಸೋಂಕಿನ ದರವನ್ನು 1000 ಕ್ಯಾಥೆಟರ್ ದಿನಗಳಿಗೆ ಎಷ್ಟು ಎಂದು ಎಣಿಸುತ್ತೇವೆ (ಒಂದು ಮಗುವಿಗೆ ಒಂದು ದಿನ ಕ್ಯಾಥೆಟರ್ ಇದ್ದರೆ ಅದು ಒಂದು ಕ್ಯಾಥೆಟರ್ ದಿನ). ನೀವು ಅಗತ್ಯವಿಲ್ಲದ ಕ್ಯಾಥೆಟರ್‌ಗಳನ್ನು ತೆಗೆಯಲು ಶುರುಮಾಡಿದ ಮೇಲೆ ಉಳಿಯುವುದು ಅತಿ ಗಂಭೀರ ಸ್ಥಿತಿಯ ಮಕ್ಕಳ ಕ್ಯಾಥೆಟರ್‌ಗಳು. ಛೇದದಲ್ಲಿರುವ ದಿನಗಳು ಇಳಿಯುತ್ತವೆ, ಸೋಂಕಿನ ಒಟ್ಟು ಸಂಖ್ಯೆ ಕಡಿಮೆಯಾದರೂ ದರ ಏರಿದಂತೆ ಕಾಣಬಹುದು. ಅದನ್ನು ನೋಡಿ ಆಡಳಿತದವರು ಕಾರ್ಯವಿಧಾನವೇ ವಿಫಲವಾಯಿತೆಂದು ತೀರ್ಮಾನಿಸಬಾರದು. ಒಟ್ಟು ರೋಗಿದಿನಗಳಲ್ಲಿ ಕ್ಯಾಥೆಟರ್ ದಿನಗಳ ಪಾಲು ಎಷ್ಟು ಎಂಬುದನ್ನೂ, ತೆಗೆದ ಮೇಲೆ ಎಷ್ಟು ಮಕ್ಕಳಿಗೆ ಮತ್ತೆ ಹಾಕಬೇಕಾಯಿತು ಎಂಬುದನ್ನೂ ಅಕ್ಕಪಕ್ಕದಲ್ಲೇ ತೋರಿಸಿ. ಎರಡನೆಯ ಸಂಖ್ಯೆ ಏರುತ್ತಿದ್ದರೆ ನೀವು ಅವಸರ ಮಾಡುತ್ತಿದ್ದೀರಿ ಎಂದರ್ಥ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮತ್ತೆ ಹಾಕಬೇಕಾದ ಮಕ್ಕಳ ಲೆಕ್ಕ ಇಡಬೇಕೆಂಬುದು ನಮಗೆ ಹೊಳೆದಿರಲಿಲ್ಲ, ಅದನ್ನು ಸೇರಿಸುತ್ತೇವೆ. ಇನ್ನೊಂದು ಪ್ರಶ್ನೆ: ಬರೆದಿಟ್ಟ ಕಾರಣಗಳಲ್ಲಿ ಯಾವುದೂ ಅನ್ವಯಿಸದಿದ್ದಾಗ, ವೈದ್ಯರ ಪ್ರತ್ಯೇಕ ಆದೇಶಕ್ಕೆ ಕಾಯದೆ ಶುಶ್ರೂಷಕಿಯರೇ ಕ್ಯಾಥೆಟರ್ ತೆಗೆಯಬಹುದೆಂದು ಬರೆಯುವುದು ಸುರಕ್ಷಿತವೇ? ರಾತ್ರಿ ಪಾಳಿಯಲ್ಲಿ ಇದರಿಂದ ಬಹಳ ಅನುಕೂಲವಾಗುತ್ತದೆ.

ಒಬ್ಬ ತಾಯಿ

ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ನನ್ನ ಮಗಳು ತೀವ್ರ ನಿಗಾ ಘಟಕದಲ್ಲಿದ್ದಾಳೆ, ಹಾಗಾಗಿ ಇದನ್ನೆಲ್ಲ ಅಕ್ಷರ ಬಿಡದೆ ಓದಿದೆ. ಅವಳ ಪಕ್ಕದಲ್ಲಿ ಕುಳಿತಿರುವಾಗ ನಾನು ಏನನ್ನು ಗಮನಿಸಬೇಕು? ಕ್ಯಾಥೆಟರ್ ಬಗ್ಗೆ ಕೇಳಿದರೆ ಸಿಬ್ಬಂದಿಗೆ ಬೇಸರವಾಗುವುದೇ?

ಉತ್ತರ – ಸೋಂಕು ನಿಯಂತ್ರಣ ಶುಶ್ರೂಷಕಿ

ಅಮ್ಮಾ, ಖಂಡಿತ ಕೇಳಿ. ‘ಇವತ್ತೂ ಇದು ಬೇಕೇ’ ಎಂದು ದಿನಕ್ಕೊಮ್ಮೆ ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ಘಟಕದಲ್ಲಿ ಆ ಪ್ರಶ್ನೆಯನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮಗಳನ್ನು ಮುಟ್ಟುವ ಮೊದಲೂ ಆಮೇಲೂ ಕೈ ಶುದ್ಧಮಾಡಿಕೊಳ್ಳಿ. ಚೀಲ ನೆಲದ ಮೇಲಿದ್ದರೆ, ಹಾಸಿಗೆಯ ಮೇಲಿದ್ದರೆ, ಕೊಳವೆ ಅವಳ ಕಾಲಿನ ಅಡಿ ಸಿಕ್ಕಿಕೊಂಡಿದ್ದರೆ ಸಿಸ್ಟರ್‌ಗೆ ಹೇಳಿ, ನೀವೇ ಜೋಡಣೆ ಬಿಚ್ಚಲು ಹೋಗಬೇಡಿ. ಅವಳನ್ನು ಮಡಿಲಿಗೆ ಎತ್ತಿಕೊಡುವಾಗ ಚೀಲವನ್ನು ಯಾರು ಹಿಡಿಯುತ್ತಾರೆ, ಎಲ್ಲಿ ತೂಗುಹಾಕುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಕ್ಯಾಥೆಟರ್ ತೆಗೆದ ಮೇಲೆ ನಿಮ್ಮ ನೆರವು ಇನ್ನೂ ಹೆಚ್ಚು ಬೇಕಾಗುತ್ತದೆ, ಅವಳಿಗೆ ಮೂತ್ರಕ್ಕೆ ಅವಸರವಾದಾಗಿನ ಮುಖಭಾವವನ್ನು ನಮಗಿಂತ ಬೇಗ ಗುರುತಿಸುವವರು ನೀವೇ.

ಉತ್ತರ 4 – ಮಕ್ಕಳ ಶಸ್ತ್ರಚಿಕಿತ್ಸಕ

ಶುಶ್ರೂಷಕಿಯರೇ ತೆಗೆಯಬಹುದೆಂಬ ನಿಯಮವನ್ನು ನಾನು ಬೆಂಬಲಿಸುತ್ತೇನೆ. ಹಲವು ಆಸ್ಪತ್ರೆಗಳಲ್ಲಿ ಅದು ಸುರಕ್ಷಿತವಾಗಿಯೇ ನಡೆಯುತ್ತಿದೆ, ಕ್ಯಾಥೆಟರ್ ದಿನಗಳೂ ಇಳಿದಿವೆ. ಆದರೆ ಕೆಲವು ಮಕ್ಕಳನ್ನು ಆ ನಿಯಮದಿಂದ ಹೊರಗಿಡಬೇಕು. ಹೈಪೋಸ್ಪೇಡಿಯಾಸ್ (ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಹುಟ್ಟುದೋಷ) ಸರಿಪಡಿಸಿದ ಮಗು, ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಕವಾಟದಂಥ ತಡೆಯಿರುವ ಗಂಡುಶಿಶು, ಮೂತ್ರಕೋಶ ಅಥವಾ ನಾಳಕ್ಕೆ ಪೆಟ್ಟಾದವರು, ಮೂತ್ರಕೋಶದ ಶಸ್ತ್ರಚಿಕಿತ್ಸೆಯಾದವರು, ಹಾಕುವಾಗಲೇ ಬಹಳ ಕಷ್ಟವಾಗಿ ತಜ್ಞರಿಂದ ಹಾಕಿಸಿದವರು, ಇವರ ಕ್ಯಾಥೆಟರ್ ಕೆಲವೊಮ್ಮೆ ಹೊಲಿಗೆ ಹಾಕಿದ ನಾಳವನ್ನು ಕಾಯುತ್ತಿರುತ್ತದೆ. ತೆಗೆದುಬಿಟ್ಟರೆ ಮತ್ತೆ ಹಾಕುವುದೇ ಅಸಾಧ್ಯವಾಗಬಹುದು. ಇಂಥ ಮಕ್ಕಳ ಹಾಸಿಗೆಯ ತಲೆಭಾಗದಲ್ಲಿ ‘ಶಸ್ತ್ರಚಿಕಿತ್ಸಾ ತಂಡವನ್ನು ಕೇಳದೆ ತೆಗೆಯಬಾರದು’ ಎಂಬ ಫಲಕವಿರಲಿ. ಕೇಸ್ ಶೀಟಿನಲ್ಲಿ ಬರೆದದ್ದು ರಾತ್ರಿ 2 ಗಂಟೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಕುವ ಕ್ರಮದಲ್ಲಿ ಇನ್ನೂ ಮೂರು ಅಪಾಯಗಳನ್ನು ನೆನಪಿಸಬಯಸುತ್ತೇನೆ, ಏಕೆಂದರೆ ಸೋಂಕಿನ ಚರ್ಚೆಯಲ್ಲಿ ಇವು ಮರೆತುಹೋಗುತ್ತವೆ. ಸಣ್ಣ ಶಿಶುಗಳಿಗೆ ಫೀಡಿಂಗ್ ಟ್ಯೂಬನ್ನೇ ಕ್ಯಾಥೆಟರ್ ಆಗಿ ಬಳಸುವುದುಂಟು. ಮೂತ್ರ ಕಂಡ ಮೇಲೂ ಅದನ್ನು ಉದ್ದಕ್ಕೆ ತಳ್ಳಿದರೆ ಆ ಮೆದು ಕೊಳವೆ ಮೂತ್ರಕೋಶದೊಳಗೆ ಸುರುಳಿ ಸುತ್ತಿ, ಹೊರಗೆಳೆಯುವಾಗ ಗಂಟು ಬೀಳುತ್ತದೆ. ಮೂತ್ರ ಬಂದ ಮೇಲೆ ಸ್ವಲ್ಪವೇ ಮುಂದೆ ತಳ್ಳಿ, ಎಷ್ಟು ಸೆಂಟಿಮೀಟರ್ ಒಳಗಿದೆಯೆಂದು ಬರೆದು, ಭದ್ರಪಡಿಸಿ. ಎರಡನೆಯದಾಗಿ, ಬಲೂನಿರುವ ಕ್ಯಾಥೆಟರ್‌ನಲ್ಲಿ ಮೂತ್ರದ ಮೊದಲ ಹನಿ ಕಂಡ ಕೂಡಲೇ ಬಲೂನು ಉಬ್ಬಿಸಬೇಡಿ, ತುದಿ ಮಾತ್ರ ಕೋಶದಲ್ಲಿದ್ದು ಬಲೂನು ಇನ್ನೂ ನಾಳದಲ್ಲೇ ಇರಬಹುದು. ಬಲೂನಿನ ಭಾಗ ಪೂರ್ತಿ ಕೋಶದೊಳಗೆ ಹೋಗುವಷ್ಟು ಮುಂದೂಡಿ, ಯಾವ ಪ್ರತಿರೋಧವೂ ಇಲ್ಲವೆಂದು ಖಚಿತವಾದ ಮೇಲೆ ನಿಧಾನವಾಗಿ ತುಂಬಿ. ಮೂರನೆಯದು ಗಂಡುಮಕ್ಕಳ ಮುಂದೊಗಲು. ಸಣ್ಣವರಲ್ಲಿ ಅದು ಸಹಜವಾಗಿಯೇ ಅಂಟಿಕೊಂಡಿರುತ್ತದೆ, ಬಲವಂತದಿಂದ ಹಿಂದೆ ಸರಿಸಬಾರದು. ಸರಿಸಲು ಸಾಧ್ಯವಾದವರಲ್ಲಿ ಕೆಲಸ ಮುಗಿದ ಕೂಡಲೇ ಮುಂದಕ್ಕೆ ತರಬೇಕು. ಹಾಗೆಯೇ ಬಿಟ್ಟರೆ ಅದು ಬಿಗಿದುಕೊಂಡು ಶಿಶ್ನದ ತುದಿ ಊದಿಕೊಳ್ಳುತ್ತದೆ, ಮಂಪರಿನಲ್ಲಿರುವ ಹುಡುಗ ನೋವನ್ನು ಹೇಳಲಾರ.

ತೆಗೆಯುವಾಗ ಸಿರಿಂಜನ್ನು ಜೋಡಿಸಿ ನೀರು ತಾನಾಗಿ ಹಿಂದಿರುಗಲು ಬಿಡಿ, ಜೋರಾಗಿ ಎಳೆದರೆ ಬಲೂನಿನ ಗೋಡೆ ಮಡಚಿ ಸುಕ್ಕಾಗಿ ನಾಳವನ್ನು ಉಜ್ಜುತ್ತದೆ. ತುಂಬಿದಷ್ಟೂ ನೀರು ಹಿಂದಿರುಗಿದೆಯೇ ಎಂದು ಅಳೆದು ನೋಡಿ. ಬಲೂನು ಇಳಿಯದೇ ಹೋದರೆ ಕ್ಯಾಥೆಟರನ್ನು ಕತ್ತರಿಸಬೇಡಿ, ಹೆಚ್ಚು ನೀರು ತುಂಬಿ ಒಡೆಯಲೂ ಹೋಗಬೇಡಿ. ಒಡೆದ ಬಲೂನಿನ ಚೂರುಗಳು ಮೂತ್ರಕೋಶದಲ್ಲಿ ಉಳಿದುಬಿಡುತ್ತವೆ. ಇದ್ದಲ್ಲೇ ಭದ್ರಪಡಿಸಿ ನಮ್ಮನ್ನು ಕರೆಯಿರಿ, ಎಷ್ಟು ಹೊತ್ತಾದರೂ ಸರಿ.